ಒಳಗ ಏನ್ ಹಾಕೀರಿ, ಹೇಳಿ ಹೋಗ್ರಿ

ಕಾಲುವೆ ದಂಡೆಯ ಮೇಲೆ ನಡೆಯುವಾಗ ನೀರಿನ ಕಡೆ ನೋಡಬೇಡಿ. ಹೊಸದಾಗಿ ಕೆಲಸಕ್ಕೆ ಸೇರಿದವರೆಲ್ಲ ನೀರನ್ನೇ ನೋಡುತ್ತ ನಡೆಯುತ್ತಾರೆ. ನಾನೂ ಹಾಗೇ ನಡೆದವನು. ಆದರೆ ದಂಡೆ ಒಡೆಯುವ ಸುದ್ದಿ ಮೊದಲು ಬರುವುದು ಆಚೆ ಪಕ್ಕಕ್ಕೆ, ಗದ್ದೆಯ ಕಡೆಗೆ. ಒಣಗಿರಬೇಕಾದ ಇಳಿಜಾರಿನಲ್ಲಿ ಒಂದೇ ಒಂದು ಕಡೆ ಗರಿಕೆ ಹೆಚ್ಚು ಹಸಿರಾಗಿರುತ್ತದೆ. ಕೈಯಿಟ್ಟು ನೋಡಿದರೆ ಮಣ್ಣು ತಣ್ಣಗಿರುತ್ತದೆ. ಅಲ್ಲಿಂದ ಜಿನುಗುವ ನೀರು ತಿಳಿಯಾಗಿದ್ದರೆ ನೀವು ಒಂದು ಚಹಾ ಕುಡಿದು ಬರಬಹುದು. ಕದಡಿದ್ದರೆ ಓಡಬೇಕು. ಯಾಕೆಂದರೆ ನೀರು ದಂಡೆಯ ಹೊಟ್ಟೆಯೊಳಗಿನ ಮಣ್ಣನ್ನು ಹೊತ್ತುಕೊಂಡು ಹೊರಗೆ ಬರುತ್ತಿದೆ ಎಂದರ್ಥ.

ಇದನ್ನು ನನ್ನ ಕೈಕೆಳಗೆ ಬಂದ ಎಲ್ಲ ಹುಡುಗರಿಗೂ ಹುಡುಗಿಯರಿಗೂ ಹೇಳಿಕೊಟ್ಟಿದ್ದೇನೆ. ಈಗಲೂ ಹೇಳುತ್ತೇನೆ. ಆದರೆ ಒಂದು ಸಲ ಈ ಪಾಠ ಸಾಲದೇ ಹೋಯಿತು. ಬಡ್ತಿ, ವರ್ಗಾವಣೆಗಳ ಕಥೆ ಬರೆದು ಯಾರಿಗೂ ಉಪಯೋಗವಿಲ್ಲ. ಆ ಒಂದು ಸಲದ ಕಥೆಯಿಂದ ಉಪಯೋಗವಿದೆ. ಅದನ್ನು ಬರೆಯುವಂತೆ ಮಾಡಿದ್ದು ಅನ್ನಪೂರ್ಣಳ ಸಿಟ್ಟು.

ಅನ್ನಪೂರ್ಣ ನನ್ನ ಹೆಂಡತಿಯ ಅಕ್ಕನ ಮಗಳು. ಕಂಪ್ಲಿ ಕಡೆಯ ಕಾಲುವೆಗಳಿಗೆ ಸಹಾಯಕ ಎಂಜಿನಿಯರಾಗಿ ಸೇರಿ ಇನ್ನೂ ವರ್ಷ ತುಂಬಿಲ್ಲ. ಮೊನ್ನೆ ಬೆಳಿಗ್ಗೆ ಹೊಸಪೇಟೆಯ ನಮ್ಮ ಮನೆಗೆ ಬಂದವಳೇ ಹೆಲ್ಮೆಟ್ಟನ್ನು ಕುರ್ಚಿಯ ಮೇಲೆ ಎಸೆದಳು.

"ಚಿಕ್ಕಪ್ಪ, ಮೆಟ್ರಿ ಕಡಿ ಮಂದಿ ನನ್ನ ಕಳ್ಳಿ ಅಂತ ತಿಳ್ಕಂಡಾರೇನು?"

ಆಗಿದ್ದು ಇಷ್ಟು. ಅಲ್ಲಿ ಒಂದು ಸಣ್ಣ ಬೋಂಗಾ ಬಿದ್ದಿತ್ತು. ಕಾಲುವೆ ದಂಡೆಗೆ ಬೀಳುವ ತೂತಿಗೆ ನಮ್ಮ ಸೀಮೆಯಲ್ಲಿ ಬೋಂಗಾ ಎನ್ನುತ್ತಾರೆ. ಇವಳು ಬಿಸಿಲಲ್ಲಿ ನಿಂತು ಅದನ್ನು ಮುಚ್ಚಿಸಿ, ಗಾಡಿ ಹತ್ತುವಷ್ಟರಲ್ಲಿ ನಾಲ್ಕೈದು ಜನ ರೈತರು ಅಡ್ಡ ನಿಂತರು. "ಒಳಗ ಏನ್ ಹಾಕೀರಿ ಮೇಡಮ್ಮೋರ, ಹೇಳಿ ಹೋಗ್ರಿ" ಎಂದರು. ಗರಸು, ಎಂದರೆ ಕಲ್ಲುಹರಳು ಬೆರೆತ ಗಟ್ಟಿ ಮಣ್ಣು, ಎಂದಳು. "ಬರೇ ಗರಸೇನ್ರಿ? ಜೋರಾಗಿ ಹೇಳ್ರಿ, ಹಿಂದಿನೋರಿಗೆ ಕೇಳವಲ್ದು" ಎಂದರು.

"ನಾ ಏನ್ ಗರಸು ಕದ್ದು ಮನಿಗೆ ಒಯ್ದೀನೇನು? ಸಂತ್ಯಾಗ ಕಾಯಿಪಲ್ಲೆ ಮಾರೋರಂಗ ಒದರ್ಬೇಕಂತ! ಗಾಡಿ ಚಾಲೂ ಮಾಡ್ಕಂಡು ಬಂದುಬಿಟ್ಟೆ. ಇನ್ನ ಆ ಕಡಿ ಕಾಲಿಡಾಂಗಿಲ್ಲ. ಬೇಕಾದ್ರ ಅವ್ರ ನನ್ನ ಆಫೀಸಿಗೆ ಬಂದು ಕೇಳ್ಲಿ."

ಕೊನೆಯ ಆ ಮಾತು ಕೇಳಿ ನನ್ನ ಕೈಯಲ್ಲಿದ್ದ ಚಹಾ ಹಾಗೇ ನಿಂತಿತು. ಅದೇ ಮಾತನ್ನು, ಅದೇ ಕಾಲುವೆಯ ವಿಷಯಕ್ಕೆ, ನಾನು ಇಪ್ಪತ್ತು ವರ್ಷಕ್ಕೂ ಹಿಂದೆ ಇನ್ನೊಬ್ಬರ ಬಾಯಲ್ಲಿ ಕೇಳಿದ್ದೆ.

ಮುಂದೆ ಹೋಗುವ ಮೊದಲು ಒಂದು ಎಚ್ಚರಿಕೆ. ನಾನು ನನ್ನ ನೆನಪನ್ನು ನಂಬುವವನಲ್ಲ. ಒಂದು ಅಳತೆಯನ್ನು ಇನ್ನೊಂದು ಅಳತೆಯಿಂದ ಪರೀಕ್ಷಿಸದೆ ಒಪ್ಪಬೇಡ ಎಂದು ವಿಶ್ವವಿದ್ಯಾಲಯದಲ್ಲಿ ಕಲಿತೆ. ಆ ಚಟ ನಿವೃತ್ತಿಯಾದ ಮೇಲೂ ಬಿಟ್ಟಿಲ್ಲ. ಇದನ್ನು ಎಷ್ಟು ಸಲ ಹೇಳಿದ್ದೇನೆಂದರೆ, ಇದರಲ್ಲಿ ಕಣ್ಣಾರೆ ಕಂಡದ್ದೆಷ್ಟು, ಹೇಳುತ್ತ ಹೇಳುತ್ತ ಸೇರಿಕೊಂಡದ್ದೆಷ್ಟು ಎಂದು ಬಿಡಿಸುವುದು ಕಷ್ಟ. ಗೊತ್ತಿದ್ದುದನ್ನು ಗೊತ್ತು ಎನ್ನುತ್ತೇನೆ. ಅನುಮಾನ ಇರುವಲ್ಲಿ ಹಾಗೆಂದು ಹೇಳುತ್ತೇನೆ.

ಗಾದಿಲಿಂಗಪ್ಪನೂ ನಾನೂ ಒಂದೇ ವರ್ಷ ಪದವಿ ಮುಗಿಸಿದವರು. ಅವನು ಮೊದಲ ಸ್ಥಾನ. ನಾನು ಎಲ್ಲಿದ್ದೆ ಎಂಬುದನ್ನು ಇಲ್ಲಿ ಹೇಳುವ ಅಗತ್ಯವಿಲ್ಲ. ಇಬ್ಬರೂ ಕಂಪ್ಲಿ ಸುತ್ತಿನ ಅಕ್ಕಪಕ್ಕದ ಕಾಲುವೆಗಳಿಗೆ ಬಂದೆವು. ನೀರಿನ ವಿಷಯದಲ್ಲಿ ಅವನಂಥ ಎಂಜಿನಿಯರನ್ನು ನಾನು ಆಮೇಲೆ ನೋಡಿಲ್ಲ. ಈ ಮಾತಿನಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಮೊದಲ ವರ್ಷದ ಒಂದು ಪ್ರಸಂಗ. ನನ್ನ ಕಾಲುವೆಯಲ್ಲಿ ಮಧ್ಯಾಹ್ನವಾದರೆ ಅಳತೆ ಪಟ್ಟಿಯ ಮೇಲೆ ನೀರು ಏರುತ್ತಿತ್ತು, ಸಂಜೆ ಇಳಿಯುತ್ತಿತ್ತು. ಮೇಲಿನಿಂದ ಬಿಡುವ ನೀರಿನಲ್ಲಿ ಏನೂ ವ್ಯತ್ಯಾಸವಿಲ್ಲ. ನಾನು ಪುಸ್ತಕ ತೆರೆದೆ. ಬಿಸಿಲು, ಪಾಚಿ, ಗಾಳಿ, ಏನೇನೋ ಸೇರಿಸಿ ಒಂದು ವಿವರಣೆ ಬರೆದು ಸಾಹೇಬರಿಗೆ ಒಪ್ಪಿಸಿದೆ. ಅವರೂ ಮೆಚ್ಚಿದರು. ಗಾದಿಲಿಂಗಪ್ಪ ಅದನ್ನು ಓದಿ ಸ್ಕೂಟರ್ ಹತ್ತಿ ಹೋದ. ಪಟ್ಟಿಯಿಂದ ಸ್ವಲ್ಪ ಕೆಳಗಿನ ತಿರುವಿನಲ್ಲಿ, ಊರಿನ ಎಮ್ಮೆಗಳೆಲ್ಲ ಮಧ್ಯಾಹ್ನ ಕಾಲುವೆಗೆ ಇಳಿದು ಒತ್ತೊತ್ತಾಗಿ ಮಲಗಿದ್ದವು. ನೀರಿಗೆ ಅದೇ ಅಡ್ಡಗಟ್ಟೆ.

"ಲೇ ಪಂಪಾ, ನಿನ್ನ ಪಾಚಿಗೆ ಕೋಡು ಅದಾವ ಬಾ" ಎಂದು ಕರೆದುಕೊಂಡು ಹೋಗಿ ತೋರಿಸಿದ.

ಬಿದ್ದು ಬಿದ್ದು ನಕ್ಕೆ. ಹೊಸಬರಿಗೆ ಇದನ್ನು ನಾನೇ ಹೇಳುತ್ತೇನೆ: ಪುಸ್ತಕ ತೆರೆಯುವ ಮೊದಲು ಚಪ್ಪಲಿ ಹಾಕಿಕೊಳ್ಳಿ, ಹೋಗಿ ನೋಡಿ. ಆದರೆ ಗಾದಿಲಿಂಗಪ್ಪ ಆ ಎಮ್ಮೆಗಳ ಕಥೆಯನ್ನು ಪ್ರತಿ ಸಭೆಯಲ್ಲೂ ಹೇಳಿದ. ನನ್ನ ಮದುವೆಯ ಊಟದ ಪಂಕ್ತಿಯಲ್ಲೂ ಹೇಳಿದ. ತಾನು ಕಂಡುಹಿಡಿದದ್ದು ಎಲ್ಲರಿಗೂ ಗೊತ್ತಾದರೆ ಅವನಿಗೆ ಸಾಲುತ್ತಿರಲಿಲ್ಲ. ಗೊತ್ತಾಗಿದೆ ಎಂದು ಜನ ಮತ್ತೆ ಮತ್ತೆ ತೋರಿಸಬೇಕಿತ್ತು.

ಸಂಡೂರಿನಲ್ಲೂ ಹೀಗೇ ಆಯಿತು. ಅಲ್ಲಿ ಒಂದು ಕೆರೆಯ ಏರಿಯಿಂದ ಕೆಂಪು ನೀರು ಜಿನುಗುತ್ತಿದೆ ಎಂದು ಊರೇ ಗಾಬರಿಯಾಗಿತ್ತು. ಕದಡಿದ ನೀರು ಎಂದರೆ ಓಡಬೇಕು, ಅದೇ ತಾನೆ ಪಾಠ? ಗಾದಿಲಿಂಗಪ್ಪ ಕೆರೆಯೊಳಗಿನ ನೀರನ್ನೂ ಏರಿಯ ಹೊರಗಿನ ನೀರನ್ನೂ ಎರಡು ಸೀಸೆಯಲ್ಲಿ ಹಿಡಿದು ಪಕ್ಕಪಕ್ಕ ಇಟ್ಟ. ಗಣಿಗಳ ದೂಳು ತೊಳೆದು ಬಂದ ಕೆರೆಯೇ ಕೆಂಪಗಿತ್ತು. ಹೊರಗೆ ಬಂದದ್ದು ಅದಕ್ಕಿಂತ ತಿಳಿ. ಏರಿ ಗಟ್ಟಿಯಾಗಿತ್ತು. ನಮ್ಮ ಸಾಹೇಬರು ನಂಜುಂಡಯ್ಯನವರು, ಮೈಸೂರು ಕಡೆಯವರು, ಸಭೆಯಲ್ಲಿ ಅವನನ್ನು ಹೊಗಳಿದರು. "ನಮ್ಮ ಗಾದಿಲಿಂಗಪ್ಪ ಮತ್ತೆ ತಂಡದವರು ಚೆನ್ನಾಗಿ ನಿಭಾಯಿಸಿದ್ದಾರೆ ಕಣ್ರೀ."

ವಾಪಸು ಬರುವಾಗ ಕಡ್ಡಿರಾಂಪುರದ ಹೋಟೆಲಿನಲ್ಲಿ ಮಂಡಕ್ಕಿ ಮಿರ್ಚಿ ತಿನ್ನಲು ನಿಂತೆವು. ಅವನು ತಟ್ಟೆ ಮುಟ್ಟಲಿಲ್ಲ.

"ತಂಡ ಅಂದ ನೋಡು. ಯಾವ ತಂಡಲೇ? ಜೀಪಿನ ಡ್ರೈವರ ತಂಡೇನು?"

"ಹೆಸರು ಹೇಳಿದ್ರಲ್ಲೋ ಮಾರಾಯ, ಎಲ್ಲಾರ ಮುಂದ."

"ಹೇಳಿದ. ಹೇಳಿ ಅದ್ರಾಗ ನೀರು ಬೆರೆಸಿದ."

ನಾನು ಅವನ ಮಿರ್ಚಿಯನ್ನೂ ತಿಂದೆ. ನೇರಾನೇರ ಹೊಗಳಿಕೆಯಲ್ಲೂ ಅವನು ತೂತು ಹುಡುಕುತ್ತಿದ್ದ. ದಂಡೆಗಳಲ್ಲಿ ಹುಡುಕುವ ಹಾಗೆಯೇ, ಅಷ್ಟೇ ಚುರುಕಾಗಿ.

ಈಗ ಮುಖ್ಯ ಪ್ರಸಂಗ. ಭತ್ತ ನಾಟಿಯಾಗಿ ಬೇರು ಹಿಡಿದಿದ್ದ ಸಮಯ. ಮೆಟ್ರಿ ಕಡೆ ಗಾದಿಲಿಂಗಪ್ಪನ ಕಾಲುವೆಯ ದಂಡೆ ಒಂದು ಬೆಳಿಗ್ಗೆ ಒಡೆಯಿತು. ಎತ್ತಿನ ಬಂಡಿ ದಾಟುವಷ್ಟು ಅಗಲದ ಕಂಡಿ. ಮೇಲಿನ ಗೇಟು ಇಳಿಸಿದರೂ ಕಾಲುವೆಯಲ್ಲಿ ತುಂಬಿದ್ದ ನೀರು ನಿಲ್ಲದೆ ಹೊಸ ಪೈರಿನ ಮೇಲೆ ಹರಿಯುತ್ತಿತ್ತು. ನೀರು ಪೂರ್ತಿ ನಿಲ್ಲಿಸಿ, ಒಣಗಿಸಿ, ಗರಸು ತಂದು ಕಟ್ಟಬೇಕೆಂದರೆ ವಾರಗಟ್ಟಲೆ ಬೇಕು. ಅಷ್ಟರಲ್ಲಿ ಕೊನೆಯ ಗದ್ದೆಗಳು ಒಣಗುತ್ತವೆ.

ಮೊದಲ ಮೂರು ತಾಸು ನಾನು ಅಲ್ಲಿರಲಿಲ್ಲ. ಬಹಳ ದಿನದ ಮೇಲೆ ಕೇಳಿ ತಿಳಿದದ್ದನ್ನೇ ಬರೆಯುತ್ತಿದ್ದೇನೆ. ಮರಳಿನ ಮೂಟೆಗಳನ್ನು ಹಾಕಿದಂತೆಲ್ಲ ನೀರು ಎತ್ತಿಕೊಂಡು ಹೋಗುತ್ತಿತ್ತು. ಮೂಟೆ ಮುಗಿಯುತ್ತ ಬಂದವು. ಆಗ ಗಾದಿಲಿಂಗಪ್ಪ ಸುತ್ತ ನೋಡಿದ. ಕಾಲುವೆಯ ಪಕ್ಕದಲ್ಲೇ ಹುಲಿಗೆಮ್ಮ ಎಂಬ ಹೆಣ್ಣುಮಗಳ ಹುಲ್ಲಿನ ಬಣವೆ ಇತ್ತು. ಗಂಡ ತೀರಿಕೊಂಡಿದ್ದ. ಕಾಲುವೆಯ ಕೊನೆಗೆ ಅವಳದೊಂದು ತುಂಡು ಹೊಲ, ಮನೆಯಲ್ಲಿ ಎರಡು ಎಮ್ಮೆ. ವರ್ಷದ ಮೇವು ಅದೇ ಬಣವೆ.

"ಅವ್ವಾ, ನಿನ್ನ ಬಣವಿ ಬೇಕು" ಎಂದನಂತೆ.

"ಎಷ್ಟು ಬೇಕ್ರಿ?"

"ಪೂರಾ."

ಅವಳು ತಾನೇ ಬಣವೆ ಹತ್ತಿ ಮೊದಲ ಹೊರೆ ಕೆಳಗೆ ತಳ್ಳಿದಳು. ಹುಲ್ಲನ್ನು ಹಗ್ಗದಂತೆ ಹೊಸೆದು, ಎರೆ ಮಣ್ಣಿನಲ್ಲಿ ಹೊರಳಾಡಿಸಿ, ತೊಡೆಗಾತ್ರದ ಸಿಂಬೆಗಳನ್ನು ಮಾಡಿ, ನೀರಿನಲ್ಲಿ ನೆಟ್ಟ ಸರ್ವೆ ಮರದ ಕಂಬಗಳ ನಡುವೆ ಒಂದರ ಮೇಲೊಂದು ತುಳಿದು ಕೂಡಿಸಿದರು. ಗಾದಿಲಿಂಗಪ್ಪ ಎದೆಮಟ್ಟದ ನೀರಿನಲ್ಲಿ ನಿಂತು ಮಾಡಿಸಿದ. ನೀರು ಹುಲ್ಲನ್ನು ಎತ್ತಿಕೊಂಡು ಹೋಗಲಿಲ್ಲ, ಹುಲ್ಲೇ ನೀರನ್ನು ಕುಡಿದು ಉಬ್ಬಿತು. ಕಂಡಿ ಮುಚ್ಚಿತು. ಉಳಿದ ಮೂಟೆಗಳನ್ನು ಎರಡೂ ಮೈಗೆ ಹೊದಿಸಿದರು. ನಾನು ತಲುಪಿದಾಗ ಕಂಡದ್ದು ಆ ಮೂಟೆಗಳಷ್ಟೇ, ಮತ್ತೆ ಅವುಗಳ ಮೇಲೆ ತಲೆಯಿಂದ ಕಾಲವರೆಗೆ ಕೆಸರಾಗಿ ಕುಳಿತಿದ್ದ ಗಾದಿಲಿಂಗಪ್ಪ. ಜನ ಅವನಿಗೆ ಕುಡಿಯಲು ಮಜ್ಜಿಗೆ ಕೊಡುತ್ತಿದ್ದರು. ಅಷ್ಟು ಸಂತೋಷವನ್ನು ಅವನ ಮುಖದಲ್ಲಿ ನಾನು ಮತ್ತೆಂದೂ ಕಾಣಲಿಲ್ಲ.

ಹುಲ್ಲು ಹಾಕಿದ್ದು ಊರಿಗೆಲ್ಲ ಗೊತ್ತಿತ್ತು. ಸಾಹೇಬರಿಗೂ ನನಗೂ ಗೊತ್ತಿರಲಿಲ್ಲ; ಅಧಿಕಾರಿಗಳಿಗೆ ಗೊತ್ತಿರುವುದನ್ನು ತಾವೇನು ಹೇಳುವುದು ಎಂದು ಊರಿನವರು ಸುಮ್ಮನಿದ್ದರು. ಆದರೆ ದಂಡೆಯ ಹೊಟ್ಟೆಯೊಳಗಿನ ಆ ಹುಲ್ಲು ಕೊಳೆಯುವ ಮೊದಲು ಆಚೆ ಪಕ್ಕಕ್ಕೆ ಗರಸಿನ ಇನ್ನೊಂದು ದಂಡೆ ಕೂಡಿಸಲೇಬೇಕು ಎಂಬುದು ಗಾದಿಲಿಂಗಪ್ಪನಿಗೆ ಮಾತ್ರ ಗೊತ್ತಿತ್ತು. ಮುಂದಿನ ವಾರವೇ ಮಾಡಿಸುವವನಿದ್ದ.

ಆ ವಾರದ ನಡುವೆ ಒಂದು ಶಾಲು ಬಂತು.

ಅಕ್ಕಿ ಗಿರಣಿಯ ಮಾಲೀಕರು ಕೊಟ್ರಬಸಪ್ಪನವರು ಧಾರಾಳಿ ಮನುಷ್ಯ. ಪೈರು ಉಳಿಯಿತೆಂದು ತಮ್ಮ ಗಿರಣಿಯ ಅಂಗಳದಲ್ಲೇ ಸನ್ಮಾನ ಇಟ್ಟುಕೊಂಡರು. ಆದರೆ ಫೋಟೋ ಮಾತ್ರ ಕಾಲುವೆ ದಂಡೆಯ ಮೇಲೇ ಆಗಬೇಕು ಎಂದು ಎಲ್ಲರನ್ನೂ ಮೊದಲು ಅಲ್ಲಿಗೆ ಕರೆದೊಯ್ದರು. ನಂಜುಂಡಯ್ಯನವರಿಗೆ ಶಾಲು ಹೊದಿಸಿದರು. ಪಕ್ಕದಲ್ಲಿ ಗಾದಿಲಿಂಗಪ್ಪ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಆಗ ಫೋಟೋದವನು ಕ್ಯಾಮರಾದ ಹಿಂದಿನಿಂದ ಕೂಗಿದ:

"ಅಣ್ಣಾರ, ಬಿಳಿ ಅಂಗಿಯೋರ, ಸ್ವಲ್ಪ ಆ ಕಡಿ ಸರೀರಿ. ನೀವ್ ನಿಂತ್ರ ಕಾಲುವಿ ಕಾಣವಲ್ದು."

ಯಾರೋ ನಕ್ಕರು. ಗಾದಿಲಿಂಗಪ್ಪ ಸರಿದ. ಸರಿದವನು ಸರಿಯುತ್ತಲೇ ಹೋಗಿ ಸ್ಕೂಟರ್ ಒದ್ದು ಚಾಲೂ ಮಾಡಿ ಹೊರಟೇಹೋದ.

ಇಲ್ಲಿ ಮೂರು ಸಾಕ್ಷಿಗಳಿವೆ, ಒಂದಕ್ಕೊಂದು ಹೊಂದುವುದಿಲ್ಲ. ತಟ್ಟೆಯಲ್ಲಿ ಹಾರಗಳ ಕೆಳಗೆ ಎರಡನೆಯ ಶಾಲೂ ಇತ್ತು, ತಾವು ಗಾದಿಲಿಂಗಪ್ಪನ ಹೆಸರು ಕೂಗಿದ್ದೆವು ಎಂದು ಕೊಟ್ರಬಸಪ್ಪನವರು ಇಂದಿಗೂ ಹೇಳುತ್ತಾರೆ. ಯಾರೂ ಕೂಗಲಿಲ್ಲ ಎಂದು ಗಾದಿಲಿಂಗಪ್ಪ ಹೇಳುತ್ತಾನೆ. ನನ್ನ ನೆನಪಿನಲ್ಲಿ ಇರುವುದು ಸ್ಕೂಟರಿನ ಸದ್ದು ಮಾತ್ರ. ಹೆಸರು ಕೂಗಿದ್ದರೂ ಆ ಸದ್ದಿನಲ್ಲಿ ಯಾರಿಗೂ ಕೇಳುತ್ತಿರಲಿಲ್ಲ. ಅಷ್ಟರ ಮಟ್ಟಿಗೆ ಮೂರೂ ನಿಜ ಇರಬಹುದು.

ಮರುದಿನ ಅವನು ರಜೆ ಹಾಕಿದ. ಕಾರಣ ಬೆನ್ನುನೋವು. ಅವನ ಕಾಲುವೆಯನ್ನೂ ನೋಡಿಕೊಳ್ಳುವ ಹೊಣೆ ನನಗೆ ಬಂತು. ಎರಡು ತಿಂಗಳು ಏನೂ ಆಗಲಿಲ್ಲ, ಅವನು ರಜೆ ಮುಂದುವರಿಸುತ್ತಲೇ ಹೋದ. ಆಮೇಲೆ ಒಂದು ದಿನ ಗ್ಯಾಂಗ್‌ಮನ್ ಬಂದು ಆ ಜಾಗದಲ್ಲಿ ಜಿನುಗು ಕಾಣುತ್ತಿದೆ ಎಂದ. ಹೋದೆ. ಆಚೆ ಪಕ್ಕದ ಮೂಟೆಗಳ ಬುಡದಲ್ಲಿ ಬೆರಳು ಗಾತ್ರದ ನೀರು. ಬಣ್ಣ ಮಾತ್ರ ವಿಚಿತ್ರ, ಹಾಲು ಹಾಕದ ಚಹಾದಂತೆ. ಒಂದು ಸೀಸೆಯಲ್ಲಿ ಹಿಡಿದು ಕಟ್ಟೆಯ ಮೇಲೆ ಇಟ್ಟು ಕಾದೆ. ತಳದಲ್ಲಿ ಮಣ್ಣು ಕೂಡಲಿಲ್ಲ. ಕದಡಿಲ್ಲ, ಆದರೆ ತಿಳಿಯೂ ಅಲ್ಲ. ನನ್ನ ಪಾಠದಲ್ಲಿ ಮೂರನೆಯ ನೀರು ಇರಲಿಲ್ಲ.

ಸೀಸೆ ಹಿಡಿದು ನೇರ ಕಂಪ್ಲಿಯಲ್ಲಿ ಗಾದಿಲಿಂಗಪ್ಪನ ಮನೆಗೆ ಹೋದೆ. ಬೆನ್ನುನೋವಿನವನು ಅಂಗಳದಲ್ಲಿ ಬಗ್ಗಿ ಸ್ಕೂಟರ್ ತೊಳೆಯುತ್ತಿದ್ದ.

"ಬಾ ಪಂಪಾ. ಕುಂದ್ರು. ಸೀಸೆದಾಗ ಏನು? ಔಷಧ ತಂದೀಯೇನು ನನಗ?"

"ನಿನ್ನ ದಂಡಿಯಿಂದ ಬಂದ ನೀರು. ಮಣ್ಣಿಲ್ಲ. ಬಣ್ಣ ನೋಡು."

ಅವನು ಸೀಸೆ ತೆಗೆದುಕೊಂಡು ಬಿಸಿಲಿಗೆ ಹಿಡಿದ. ಮುಚ್ಚಳ ತೆಗೆದು ಮೂಸಿದ. ಮೂಸಿದ್ದು ಖಂಡಿತ ನೆನಪಿದೆ. ಆ ಕ್ಷಣ ಅವನ ಮುಖ ಬಿಗಿಯಿತು ಎಂದೂ ನೆನಪು. ಆದರೆ ಅದನ್ನು ನಾನು ಆಮೇಲೆ ಸೇರಿಸಿರಬಹುದು. ಮುಚ್ಚಳ ಹಾಕಿ ನನ್ನ ಕೈಗೆ ವಾಪಸು ಕೊಟ್ಟ.

"ಶಾಲು ಹೊತ್ಕಂಡೋನ್ನ ಹೋಗಿ ಕೇಳು."

"ಅದೇನು ಮಾತಲೇ? ದಂಡಿ ನೀ ಕಟ್ಟೀದಿ."

"ಫೋಟೋದಾಗ ನಾ ಅದೀನೇನು? ಇಲ್ಲ. ಅಂದ ಮ್ಯಾಲ ಕಟ್ಟಿದಾಂವ ಅವ. ಅವಗ ಗೊತ್ತಿರತೈತಿ ಬಿಡು."

"ಗಾದಿ, ಏನಾರ ಐತೇನು ಒಳಗ? ನನಗರ ಹೇಳು."

"ನಿನಗ ಹೇಳಿದ್ರ ಅವಗ ಹೇಳ್ದಂಗ. ಬೇಕಾದ್ರ ಅವನ ಬಂದು ಕೇಳ್ಲಿ. ಇದ ಅಂಗಳದಾಗ ನಿಂತು, ಗಾದಿಲಿಂಗಪ್ಪ, ನನಗ ಗೊತ್ತಿಲ್ಲ ಅನ್ಲಿ. ಆಮ್ಯಾಲ ಹೇಳ್ತೀನಿ."

ಅವನ ಲೆಕ್ಕ ಏನಿತ್ತೆಂದು ಈಗ ಬಲ್ಲೆ ಎಂದುಕೊಂಡಿದ್ದೇನೆ. ದಂಡೆ ಒಡೆಯಲಿ ಎಂದು ಅವನು ಬಯಸಿರಲಿಲ್ಲ. ಇನ್ನೂ ಎಂಟು ಹತ್ತು ದಿನ ತಾಳುತ್ತದೆ, ಅಷ್ಟರಲ್ಲಿ ಸಾಹೇಬರು ಬಂದೇ ಬರುತ್ತಾರೆ, ತಾನು ಮತ್ತೊಮ್ಮೆ ಉಳಿಸುತ್ತೇನೆ, ಆಗ ಶಾಲು ಯಾರಿಗೆ ಎಂಬ ಪ್ರಶ್ನೆಯೇ ಏಳುವುದಿಲ್ಲ. ಲೆಕ್ಕಾಚಾರದಲ್ಲಿ ಅವನು ಎಂದೂ ತಪ್ಪಿದವನಲ್ಲ.

ನಂಜುಂಡಯ್ಯನವರ ಹತ್ತಿರ ಹೋದೆ. ಅವರು ಕೆಟ್ಟ ಅಧಿಕಾರಿಯಲ್ಲ, ನಾನು ಕಂಡ ಒಳ್ಳೆಯವರಲ್ಲಿ ಒಬ್ಬರು. ಅಂಥವರಿಗೂ ಒಂದು ಗಂಟು ಇರುತ್ತದೆ.

"ಸುಳ್ಳು ಬೆನ್ನುನೋವು ಹೇಳಿ ಮನೇಲಿ ಕೂತಿರೋನ ಬಾಗಿಲಿಗೆ ನಾನು ಹೋಗ್ಬೇಕಾ? ಬೇಕಾದ್ರೆ ಅವನೇ ಬರ್ಲಿ ಕಣ್ರೀ. ಬಂದ್ರೆ ಕಾಫಿ ಕೊಡ್ತೀನಿ."

"ಸರ್, ನೀರಿನ ಬಣ್ಣ..."

"ಮಣ್ಣಿದೆಯಾ? ಇಲ್ವಲ್ಲ. ಗರಸು ಹೊಡೆಸಿ ಬಂದೋಬಸ್ತ್ ಮಾಡಿ, ಸಾಕು."

ಗರಸಿಗೆ ಹೇಳಿದೆ. ಲಾರಿ ಬರುವುದರೊಳಗೆ ದಂಡೆ ಹೋಯಿತು. ಎಂಟು ದಿನ ತಾಳುತ್ತದೆ ಎಂಬುದು ಅವನ ಲೆಕ್ಕವಾಗಿದ್ದರೆ, ಅವನ ಬದುಕಿನಲ್ಲಿ ತಪ್ಪಿದ ಲೆಕ್ಕ ಅದೊಂದೇ.

ಬೆಳಗಿನ ಹೊತ್ತು. ನಾನು ಹೋದಾಗ ಅದೇ ಜಾಗ, ಮೊದಲಿಗಿಂತ ದೊಡ್ಡ ಕಂಡಿ. ಭತ್ತ ತೆನೆ ಬಿಟ್ಟು ಕಾಳಿನಲ್ಲಿ ಹಾಲು ತುಂಬುತ್ತಿದ್ದ ಸಮಯ. ನೀರಿನ ಜೊತೆ ಕಪ್ಪಗೆ ಕೊಳೆತ ಹುಲ್ಲು ಮುದ್ದೆ ಮುದ್ದೆಯಾಗಿ ಗದ್ದೆಗಳಲ್ಲಿ ತೇಲುತ್ತಿತ್ತು. ಊರೆಲ್ಲ ಸೇರಿತ್ತು. ನಂಜುಂಡಯ್ಯನವರೂ ಬಂದಿದ್ದರು. ಸ್ವಲ್ಪ ಹೊತ್ತಿಗೆ ಗಾದಿಲಿಂಗಪ್ಪನ ಸ್ಕೂಟರ್ ಬಂತು. ಅವನು ಯಾರನ್ನೂ ನೋಡದೆ ಪ್ಯಾಂಟು ಮಡಚಿ ಇಳಿಯುತ್ತ, ಎಲ್ಲರಿಗೂ ಕೇಳುವಂತೆ ಕೂಗಿದ:

"ಹುಲ್ಲು ಎಷ್ಟು ದಿನ ತಡೀತೈತ್ರಿ? ಕೊಳೀತೈತಿ! ಹಿಂದ ಗರಸು ಕೂಡಿಸ್ಬೇಕಿತ್ತು! ಅಷ್ಟೂ ತಿಳಿಲಿಲ್ಲೇನು ದೊಡ್ಡೋರಿಗೆ?"

ಅವನ ಕಣ್ಣು ಸಾಹೇಬರ ಮೇಲಿತ್ತು. ಸಾಹೇಬರ ಮುಖ ಇಳಿಯುವುದನ್ನು ನೋಡಬೇಕೆಂದೇ ಅಷ್ಟು ದಿನ ಕಾದಿದ್ದ. ಮುಖ ಇಳಿಯಿತು ಕೂಡ. ಆದರೆ ಉತ್ತರ ಬಂದದ್ದು ಇನ್ನೊಂದು ಕಡೆಯಿಂದ. ಹುಲಿಗೆಮ್ಮ ನೀರು ತುಂಬಿದ ಗದ್ದೆಗಳನ್ನು ದಾಟಿ ಬಂದಿದ್ದಳು. ಸೊಂಟದವರೆಗೆ ಸೀರೆ ಒದ್ದೆ. ಕೈಯಲ್ಲಿ ಒಂದು ಹಿಡಿ ಕೊಳೆತ ಹುಲ್ಲು.

"ಕೊಳೀತೈತಂತ ನಿಮಗ ಗೊತ್ತಿತ್ತೇನ್ರಿ?" ಎಂದಳು. ಜಗಳದ ದನಿಯಲ್ಲ, ತಿಳಿದುಕೊಳ್ಳಲು ಕೇಳಿದ ಹಾಗೆ.

ಗಾದಿಲಿಂಗಪ್ಪ ನೀರಿನಲ್ಲಿ ಅರ್ಧ ಇಳಿದವನು ಹಾಗೇ ನಿಂತ.

"ಗೊತ್ತಿದ್ರ ನನಗರ ಹೇಳ್ಬೇಕಿತ್ತಲ್ರಿ. ಎಮ್ಮಿ ಬಾಯಾಗಿಂದು ತೆಗೆದು ಕೊಟ್ಟಿದ್ನಿ. ನೀವು ಹೇಳಿದ್ರ ಗರಸು ನಾವ ಹೊರತಿದ್ವಿ, ಊರಾಗ ಮಂದಿ ಕಡಿಮಿ ಅದಾರೇನು?"

ಮೊದಲ ಸಲ ಮಜ್ಜಿಗೆ ಕೊಟ್ಟಿದ್ದ ಜನ ಈಗ ಅವನನ್ನು ನೋಡುತ್ತ ನಿಂತಿದ್ದರು. ಅಷ್ಟು ಹೊತ್ತಿಗೆ ಎಲ್ಲರಿಗೂ ಹೊಳೆದಿತ್ತು: ತನಗೆ ಗೊತ್ತಿತ್ತು ಎಂದು ತೋರಿಸಲು ಹೋಗಿ, ಗೊತ್ತಿದ್ದೂ ಸುಮ್ಮನಿದ್ದೆ ಎಂದು ಅವನೇ ಸಾರಿ ಹೇಳಿದ್ದ.

ಈ ಭಾಗದಲ್ಲಿ ನನ್ನ ನೆನಪಿನ ಮೇಲೆ ನನಗೆ ಅನುಮಾನವಿಲ್ಲ. ಅಲ್ಲಿದ್ದ ಹಲವರನ್ನು ಬೇರೆ ಬೇರೆಯಾಗಿ ಕೇಳಿದ್ದೇನೆ. ಎಲ್ಲರೂ ಒಂದೇ ಹೇಳುತ್ತಾರೆ.

ಈ ಸಲ ನೀರು ಪೂರ್ತಿ ನಿಲ್ಲಿಸಿ ಕಟ್ಟಬೇಕಾಯಿತು. ಕೊನೆಯ ಗದ್ದೆಗಳಲ್ಲಿ ತೆನೆ ಜೊಳ್ಳಾಯಿತು. ಹುಲಿಗೆಮ್ಮ ಒಂದು ಎಮ್ಮೆ ಮಾರಿದಳು. ಗಾದಿಲಿಂಗಪ್ಪನ ಮೇಲೆ ಯಾರೂ ದೂರು ಕೊಡಲಿಲ್ಲ, ವಿಚಾರಣೆಯೂ ಆಗಲಿಲ್ಲ. ಮೊದಲು ಜನ "ಗಾದಿಲಿಂಗಪ್ಪನೋರು ಕಟ್ಟಿದ ದಂಡಿ" ಎನ್ನುತ್ತಿದ್ದರು. ಆಮೇಲೆ "ಗಾದಿಲಿಂಗಪ್ಪನ ಹುಲ್ಲಿನ ದಂಡಿ" ಎಂದರು. ಎದೆಮಟ್ಟದ ನೀರಿನಲ್ಲಿ ನಿಂತು ಅವನು ಗಳಿಸಿದ್ದೆಲ್ಲ ಆ ಒಂದು ಮಾತಿಗೆ ಇಳಿಯಿತು. ಅವನು ವರ್ಗಾವಣೆ ಕೇಳಿಕೊಂಡು ಸಂಡೂರಿಗೆ ಹೋದ. ಅಲ್ಲೂ ಒಳ್ಳೆಯ ಕೆಲಸ ಮಾಡಿದನೆಂದು ಕೇಳಿದ್ದೇನೆ. ಅಲ್ಲೂ ಪ್ರತಿ ಕೆಲಸದ ಕೊನೆಗೆ ಯಾರೋ ಒಬ್ಬರು ಅದರ ಹೆಸರನ್ನು ಕದ್ದರು, ಅವನ ಲೆಕ್ಕದಲ್ಲಿ.

ನಮ್ಮ ಕೆಲಸದ ರೀತಿ ಬದಲಾದದ್ದು ಹುಲಿಗೆಮ್ಮನಿಂದ. ಮುಂದಿನ ಸಲ ನಾನು ಅಲ್ಲಿ ಒಂದು ಸಣ್ಣ ಬೋಂಗಾ ಮುಚ್ಚಿಸಿ ಹೊರಟಾಗ ಆಕೆ ಜೀಪಿನ ಮುಂದೆ ನಿಂತಳು. "ಒಳಗ ಏನ್ ಹಾಕೀರಿ, ಹೇಳಿ ಹೋಗ್ರಿ." ಹೇಳಿದೆ. "ಎಷ್ಟು ದಿನ ತಡೀತೈತಿ?" ಅದನ್ನೂ ಹೇಳಿದೆ. "ಜೋರಾಗಿ ಹೇಳ್ರಿ, ಎಲ್ಲಾರೂ ಕೇಳ್ಲಿ." ಅದೇ ವಾಡಿಕೆಯಾಯಿತು. ನನ್ನ ಕೈಕೆಳಗಿನವರೆಲ್ಲ ಹಾಗೆ ಹೇಳಿಯೇ ಹೊರಡಬೇಕೆಂದು ನಾನೂ ಪಟ್ಟುಹಿಡಿದೆ. ಈಗ ಹುಲಿಗೆಮ್ಮ ಇಲ್ಲ. ಕೇಳುವವರಿಗೆ ಯಾಕೆ ಕೇಳುತ್ತಿದ್ದೇವೆ ಎಂಬುದೂ ಗೊತ್ತಿರಲಿಕ್ಕಿಲ್ಲ. ಆದರೂ ಕೇಳುತ್ತಾರೆ.

ಅನ್ನಪೂರ್ಣಳಿಗೆ ಇದನ್ನೆಲ್ಲ ಹೇಳಿ ಮುಗಿಸಿದಾಗ ಅವಳು ಕೇಳಿದಳು: "ಆ ಗಾದಿಲಿಂಗಪ್ಪ ಸರ್ ಈಗ ಎಲ್ಲಿ ಅದಾರ?"

"ಸಂಡೂರಾಗ ಮನಿ ಕಟ್ಟಿಸ್ಯಾನ. ತಡಿ, ನನ್ನ ನೆನಪು ಖರೇ ಐತೋ ಇಲ್ಲೋ ಕೇಳೂಣು."

ಫೋನು ಮಾಡಿ ಅವಳಿಗೂ ಕೇಳುವಂತೆ ಇಟ್ಟೆ. ದನಿ ಮೊದಲಿನಷ್ಟೇ ಗಟ್ಟಿ. ಎಮ್ಮೆಗಳನ್ನು ನೆನಪಿಸಿ ನಕ್ಕ. ಕಂಡಿ ಮುಚ್ಚಿದ ಕಥೆಯನ್ನು ತಾನೇ ಶುರುಮಾಡಿ, ಕಂಬ, ಸಿಂಬೆ, ಮಜ್ಜಿಗೆ ಎಲ್ಲ ಹೇಳಿ, ಮಜ್ಜಿಗೆಗೇ ನಿಲ್ಲಿಸಿದ. ನಾನು ಸನ್ಮಾನದ ಮಾತು ತೆಗೆದೆ.

"ಕೂಗ್ಲಿಲ್ಲ ಪಂಪಾ. ನನ್ನ ಹೆಸರು ಯಾವನೂ ಕೂಗ್ಲಿಲ್ಲ."

"ಎರಡನೇ ಶಾಲು ಇತ್ತಂತೋ. ನಿನಗಂತ ತಂದಿದ್ದು. ಕೊಟ್ರಬಸಪ್ಪನೋರು ಈಗಲೂ ಅಂತಾರ."



"ಯಾವ ಬಣ್ಣದ್ದು?" ಎಂದ.

"ನನಗ ಗೊತ್ತಿಲ್ಲಪ್ಪ. ಅವ್ರು ಕಂಪ್ಲಿದಾಗ ಅದಾರ, ನಂಬರ್ ಕೊಡ್ತೀನಿ, ನೀನ ಕೇಳು."

"ನಾನ್ಯಾಕ ಕೇಳ್ಲಿ? ಬೇಕಾದ್ರ ಅವನ ಫೋನ್ ಮಾಡಿ ಹೇಳ್ಲಿ."

ಫೋನು ಇಟ್ಟು ತಿರುಗಿದರೆ ಅನ್ನಪೂರ್ಣ ಎದ್ದು ನಿಂತಿದ್ದಳು, ಕೈಯಲ್ಲಿ ಹೆಲ್ಮೆಟ್.

"ಊಟಕ್ಕ ಕುಂದ್ರವ್ವ, ಎಲ್ಲಿಗೆ ಹೊಂಟಿ?"

"ಮೆಟ್ರಿ ಕಡಿ ಹೋಗಿ ಬರ್ತೀನಿ ಚಿಕ್ಕಪ್ಪ" ಎಂದಳು. ಬಾಗಿಲ ಬಳಿ ನಿಂತು ಪಟ್ಟಿ ಬಿಗಿದುಕೊಳ್ಳುತ್ತ, ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳಿದಳು: "ಬರೇ ಗರಸಲ್ಲ ಅದು. ಗರಸು ಕಡಿಮಿ ಬಿತ್ತು ಅಂತ ತಳದಾಗ ಒಂದಿಷ್ಟು ಬರೇ ಎರಿ ಮಣ್ಣು ಹಾಕ್ಸೀನಿ, ಒಣಗಿದ್ರ ಬಿರೀತೈತಿ. ಮುಂದಿನ ವಾರ ತೆಗೆಸ್ಬೇಕಂತ ಮಾಡಿದ್ನಿ. ಅವ್ರಿಗೆ ಹೇಳಿಲ್ಲ."